ಸೂಜಿಯ ಕಣ್ಣು



ಕಳೆದ ಮಳೆಗಾಲದ ಒಂದು ಸಂಜೆ ನನ್ನ ಅಂಗಿಯ ಗುಂಡಿಯೊಂದು ಕಿತ್ತುಬಂದಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ದಿವಂಗತರಾದ ನನ್ನ ತಾಯಿಯವರ ಹಳೆಯ ಡಬ್ಬಿಯಿಂದ ಸೂಜಿಯನ್ನು ತೆಗೆದು ದಾರ ಪೋಣಿಸಲು ಕುಳಿತೆ. ಮೂವತ್ತು ವರ್ಷ ಹಳಗನ್ನಡ ಕಾವ್ಯಕ್ಕೆ ಅರ್ಥ ಹೇಳಿದ ನನಗೆ ಸೂಜಿಯ ಕಣ್ಣು ಸಿಕ್ಕಲು ಅರ್ಧ ಗಂಟೆ ಹಿಡಿಯಿತು. ಆಗ ಹುಟ್ಟಿದ ಪ್ರಶ್ನೆ ಇದು: ಮನುಷ್ಯನು ಹೊಲಿಯುವುದನ್ನು ಮೊದಲು ಕಲಿತದ್ದು ಹೇಗೆ?

ಉತ್ತರದ ಒಂದಂಶ ನಮ್ಮ ಊಟದ ಎಲೆಯಲ್ಲಿಯೇ ಇದೆ. ನಾನು ಹುಡುಗನಾಗಿದ್ದಾಗ ಹೆಂಗಸರು ಬಿಡುವಿನ ಮಧ್ಯಾಹ್ನಗಳಲ್ಲಿ ಮುತ್ತುಗದ ಎಲೆ ಹಚ್ಚುತ್ತಿದ್ದರು. ಒಂದೆಲೆಯ ಅಂಚಿನ ಮೇಲೆ ಇನ್ನೊಂದನ್ನಿಟ್ಟು, ಸಣ್ಣ ಕಡ್ಡಿಯನ್ನು ಚುಚ್ಚಿ, ಮೇಲೆತ್ತಿ ಮುರಿದರೆ ಎರಡೂ ಒಂದಾಗುತ್ತಿದ್ದವು. ಸೂಜಿಯಿಲ್ಲ, ದಾರವಿಲ್ಲ, ಆದರೂ ಅದು ಹೊಲಿಗೆಯೇ. ಆದಿಮಾನವನ ಹೊಲಿಗೆಯೂ ಇಂತಹ ಚುಚ್ಚುವಿಕೆಯಿಂದಲೇ ತೊಡಗಿರಬೇಕು. ಮೂಳೆಯ ದಬ್ಬಳದಿಂದ ತೊಗಲಿಗೆ ತೂತು ಮಾಡುವುದು ಒಂದು ಕೆಲಸ. ಆ ತೂತಿನೊಳಗೆ ನಾರನ್ನು ತೂರಿಸುವುದು ಮತ್ತೊಂದು. ದಬ್ಬಳದ ಹಿಂತುದಿಗೇ ಕಣ್ಣು ಕೊರೆದು ನಾರನ್ನು ಪೋಣಿಸಿದಂದು ಎರಡೂ ಒಂದೇ ಕೆಲಸವಾದವು. ಸೈಬೀರಿಯದ ಡೆನಿಸೋವಾ ಗುಹೆಯಲ್ಲಿ 2016ರಲ್ಲಿ ಹಕ್ಕಿಯ ಮೂಳೆಯಿಂದ ಮಾಡಿದ, ಕಣ್ಣುಳ್ಳ ಸೂಜಿಯೊಂದು ದೊರೆಯಿತು. ಅದರ ವಯಸ್ಸು ಸುಮಾರು 50,000 ವರ್ಷವೆಂದು ಅಂದಾಜು. ಹಿಮದ ನಾಡಿನಲ್ಲಿ ಮೈಗೊಪ್ಪುವ ಉಡುಪು ಅಲಂಕಾರದ ಮಾತಲ್ಲ, ಪ್ರಾಣದ ಮಾತು.

ನಮ್ಮ ದೇಶದಲ್ಲಿಯೂ ಸೂಜಿ ಹಳೆಯದೇ. ಸಿಂಧೂ ಕಣಿವೆಯ ಪಟ್ಟಣಗಳಲ್ಲಿ ಲೋಹದ ಸೂಜಿಗಳು ಸಿಕ್ಕಿವೆ. ಋಗ್ವೇದದ ಎರಡನೆಯ ಮಂಡಲದಲ್ಲಿ ಸೂಜಿಯಿಂದ ಹೊಲಿಯುವ ಪ್ರಸ್ತಾಪವಿದೆ. ಕನ್ನಡದ ಮಾತುಗಳನ್ನೇ ನೋಡಿ. ‘ಸೂಜಿ’ ಸಂಸ್ಕೃತದ ‘ಸೂಚಿ’ಯ ತದ್ಭವ. ‘ದರ್ಜಿ’ ಪಾರಸಿಯಿಂದ ಬಂದವನು. ಅವನಿಗಿಂತ ಮೊದಲು ಇಲ್ಲಿ ‘ಚಿಪ್ಪಿಗ’ನಿದ್ದನು. ಆದರೆ ‘ಹೊಲಿ’ ಎಂಬ ಕ್ರಿಯಾಪದ ಅಚ್ಚಕನ್ನಡದ್ದು, ಹಳಗನ್ನಡದ ‘ಪೊಲಿ’. ಉಪಕರಣದ ಹೆಸರು ಎರವಲು, ಕಸುಬುದಾರನ ಹೆಸರು ಎರವಲು. ಕೆಲಸ ಮಾತ್ರ ನಮ್ಮ ಮನೆಯದು.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬುವನೊಬ್ಬನಿದ್ದಾನೆ. ಸೂಜಿಯ ಕೆಲಸವನ್ನು ಮರೆಮಾಚದೆ ತನ್ನ ಹೆಸರಿನ ಮುಂದೆಯೇ ಧರಿಸಿದವನು. ಆತನನ್ನು ನೆನೆದಾಗಲೆಲ್ಲ ನನಗೊಂದು ಸಂಕೋಚ. ಅದನ್ನು ಇಂದು ಹೇಳಿಬಿಡುತ್ತೇನೆ.

ತಂದೆಯವರು ತೀರಿಕೊಂಡ ಮೇಲೆ ನನ್ನ ತಾಯಿ ಅಗ್ರಹಾರದ ಬಾಡಿಗೆ ಮನೆಯಲ್ಲಿ ನೆರೆಹೊರೆಯವರಿಗೆ ರವಿಕೆ ಹೊಲಿದುಕೊಟ್ಟು ನನ್ನನ್ನು ಓದಿಸಿದರು. ಯಾರು ಕಲಿಸಿದರೆಂದು ಒಮ್ಮೆ ಕೇಳಿದ್ದೆ. “ಯಾರೂ ಇಲ್ಲಪ್ಪ, ನನ್ನದೇ ಹಳೆಯ ರವಿಕೆಯೊಂದನ್ನು ಬಿಚ್ಚಿ ನೋಡಿದೆ, ಮತ್ತೆ ಹಾಗೆಯೇ ಕೂಡಿಸಿದೆ” ಎಂದರು. 1982ರಲ್ಲಿ ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುತ್ತಿದ್ದೆ. ಸವೆದ ಕಾಲರನ್ನು ಬಿಚ್ಚಿ, ಮಗುಚಿ, ಹೊಸದರಂತೆ ಅವರು ಹೊಲಿದುಕೊಟ್ಟ ಅಂಗಿಯನ್ನು ನೋಡಿ ಸಹಪಾಠಿಯೊಬ್ಬನು “ಯಾರು ಹೊಲಿದದ್ದು?” ಎಂದನು. “ಯಾರೋ ದರ್ಜಿ” ಎಂದೆ. ಅದರ ಮುಂದಿನ ತರಗತಿ ವಚನ ಸಾಹಿತ್ಯದ್ದು. ಕಾಯಕತತ್ತ್ವವನ್ನು ಕುರಿತು ಅಂದು ನಾನು ಅಚ್ಚುಕಟ್ಟಾಗಿ ಟಿಪ್ಪಣಿ ಬರೆದುಕೊಂಡೆ.

ಮನುಷ್ಯನು ಹೊಲಿಗೆ ಕಲಿತದ್ದು ಹೇಗೆಂಬುದಕ್ಕೆ ಮೂಳೆಯ ಸೂಜಿಯೂ ನನ್ನ ತಾಯಿಯೂ ಹೇಳುವ ಉತ್ತರ ಒಂದೇ ಎಂದು ಈಗ ತೋರುತ್ತದೆ. ಕಲಿಸುವವರಿಗಾಗಿ ಕಾಯುವಷ್ಟು ಬಿಡುವು ಇಬ್ಬರಿಗೂ ಇರಲಿಲ್ಲ. ಚಳಿ ಬಂದಿತ್ತು, ಬಟ್ಟೆ ಹರಿದಿತ್ತು, ಮನೆಯಲ್ಲಿ ಮಕ್ಕಳಿದ್ದರು.

ಆ ಸಂಜೆ ಗುಂಡಿಯನ್ನು ಹೇಗೋ ಹೊಲಿದೆ. ತುಸು ಓರೆಯಾಗಿದೆ, ಆದರೆ ಬಿದ್ದಿಲ್ಲ. ಈ ಭಾಷಣಕ್ಕೆ ಅದೇ ಅಂಗಿಯನ್ನು ತೊಟ್ಟು ಬಂದಿದ್ದೇನೆ. ಯಾರಾದರೂ ಕೇಳಿದರೆ, ಹೊಲಿದವನು ನಾನೇ ಎಂದೂ, ಸೂಜಿ ನನ್ನ ತಾಯಿಯದೆಂದೂ ಹೇಳುತ್ತೇನೆ.



(ಮೈಸೂರು ಆಕಾಶವಾಣಿಯ ಸೌಜನ್ಯದಿಂದ)