ಕಜ್ಜಾಯಕ್ಕೆ ಕೂಲಿ ಎಷ್ಟು?



ದೀಪಾವಳಿ ಬಾಗಿಲಿಗೆ ಬಂದಿದೆ. ಇನ್ನು ನಾಲ್ಕು ದಿನ ಯಾವ ಚಾನೆಲ್ ಹಾಕಿದರೂ ಪಟಾಕಿ. ಹಸಿರು ಪಟಾಕಿ ಅಂದ್ರೆ ಯಾವುದು, ಎಷ್ಟು ಗಂಟೆವರೆಗೆ ಹೊಡೆಯಬಹುದು, ಚಿನ್ನದ ರೇಟು ಎಲ್ಲಿಗೆ ಮುಟ್ಟಿತು, ಊರಿಗೆ ಹೋಗೋ ಖಾಸಗಿ ಬಸ್ಸಿನ ಟಿಕೆಟ್ ಎಷ್ಟಾಯ್ತು. ನಾವೂ ಅದನ್ನೇ ತೋರಿಸ್ತೀವಿ, ನಾನೇನೂ ಬೇರೆಯವನಲ್ಲ. ಇವತ್ತೊಂದು ದಿನ ಐದು ನಿಮಿಷ ಅಡುಗೆಮನೆ ಕಡೆ ಹೋಗೋಣ.

ಈ ವರ್ಷ ಮಗಳ ಮದುವೆ ಮಾಡಿದ ಮನೆಗಳನ್ನ ನೆನಪಿಸಿಕೊಳ್ಳಿ. ಮೊದಲ ದೀಪಾವಳಿ. ಅಳಿಯ ಬರ್ತಾನೆ, ಅವನ ಜೊತೆ ಬೀಗರೂ ಬರ್ತಾರೆ. ‘ನಾವು ಆರೇ ಜನ’ ಅಂತ ಫೋನಲ್ಲಿ ಹೇಳಿರ್ತಾರೆ, ಕಾರಿನಿಂದ ಹನ್ನೊಂದು ಜನ ಇಳೀತಾರೆ. ಬೀಗರ ಮುಂದೆ ಮರ್ಯಾದೆ ಪ್ರಶ್ನೆ. ಮನೆ ಯಜಮಾನರು ಮೊದಲೇ ಧಾರಾಳವಾಗಿ ಮಾತು ಕೊಟ್ಟಾಗಿರುತ್ತೆ: ‘ಹೋಟೆಲಿಂದೇನೂ ತರಿಸಲ್ಲ, ಎಲ್ಲಾ ಮನೇಲೇ ಮಾಡಿಸ್ತೀನಿ.’

ಮಾಡಿಸ್ತೀನಿ! ಆ ಕ್ರಿಯಾಪದ ಗಮನಿಸಿದ್ರಾ? ಮಾಡ್ತೀನಿ ಅಂತ ಅವರು ಹೇಳಲಿಲ್ಲ.

ಅವರು ಮಾಡಿಸೋದು ಏನು ಅಂತ ನೋಡೋಣ. ಹುಬ್ಬಳ್ಳಿ ಕಡೆ ಕರ್ಚಿಕಾಯಿ, ಚಕ್ಕಲಿ, ಉಂಡಿ. ಮಲೆನಾಡಲ್ಲಿ ಸೌತೆಕಾಯಿ ಕಡುಬು. ಕರಾವಳಿಯಲ್ಲಿ ನರಕ ಚತುರ್ದಶಿ ಬೆಳಗ್ಗೆ ಬಗೆಬಗೆಯ ಅವಲಕ್ಕಿ. ನಮ್ಮ ಬೆಂಗಳೂರು, ಕೋಲಾರ, ಮಂಡ್ಯ ಕಡೆ ಕಜ್ಜಾಯ. ಈ ಕಜ್ಜಾಯದ ವಿಚಾರ ಸ್ವಲ್ಪ ವಿವರವಾಗಿ ಹೇಳ್ತೀನಿ. ತಿನ್ನೋಕೆ ಒಂದು ನಿಮಿಷ ಸಾಕು, ಮಾಡೋಕೆ ನಾಲ್ಕು ದಿನ ಬೇಕು.

ಅಕ್ಕಿ ನೆನೆಹಾಕಬೇಕು. ಎರಡು ಮೂರು ದಿನ, ದಿನಾ ನೀರು ಬದಲಾಯಿಸಬೇಕು. ಆಮೇಲೆ ಬಸಿದು, ಬಟ್ಟೆ ಮೇಲೆ ಹರಡಿ, ನೆರಳಲ್ಲಿ ಆರಿಸಬೇಕು. ಪೂರ್ತಿ ಒಣಗಬಾರದು, ಕೈಗೆ ತಂಪು ಹತ್ತುತ್ತಾ ಇರಬೇಕು. ಆಗ ಪುಡಿ ಮಾಡಿ ಜರಡಿ ಹಿಡೀಬೇಕು. ಒಂದು ಕೆಜಿ ಅಕ್ಕಿಗೆ ಹತ್ತಿರತ್ತಿರ ಮುಕ್ಕಾಲು ಕೆಜಿ ಬೆಲ್ಲ, ಅದರ ಪಾಕ. ಅಸಲಿ ಪರೀಕ್ಷೆ ಇರೋದೇ ಇಲ್ಲಿ. ಒಂದು ತೊಟ್ಟು ಪಾಕವನ್ನ ನೀರಿಗೆ ಬಿಟ್ಟರೆ ಮೆತ್ತಗೆ ಉಂಡೆ ಕಟ್ಟಬೇಕು. ಪಾಕ ಏರಿತೋ, ಕಜ್ಜಾಯ ಕಲ್ಲು. ಇಳಿಯಿತೋ, ಎಣ್ಣೆಗೆ ಬಿದ್ದ ತಕ್ಷಣ ಬಿಟ್ಟುಕೊಂಡು ಬಾಣಲೆ ತುಂಬಾ ಪುಡಿ. ಥರ್ಮಾಮೀಟರ್ ಇಲ್ಲ, ಅಳತೆ ಪುಸ್ತಕ ಇಲ್ಲ, ಬೆರಳ ತುದಿಯ ಲೆಕ್ಕ. ಆ ಬೆರಳು ಕಲಿತದ್ದು ಮೂವತ್ತು ವರ್ಷದಲ್ಲಿ. ಇದಕ್ಕೆ ಗಸಗಸೆ, ಏಲಕ್ಕಿ ಸೇರಿಸಿ, ಹಿಟ್ಟು ಕಲಸಿ, ಒಂದೆರಡು ದಿನ ಮುಚ್ಚಿಟ್ಟು, ಹಬ್ಬದ ಬೆಳಗ್ಗೆ ಒಂದೊಂದಾಗಿ ತಟ್ಟಿ ಸಣ್ಣ ಉರಿಯಲ್ಲಿ ಕರೀಬೇಕು.

ಅಂದ್ರೆ ಯಜಮಾನರಿಗೆ ಹಬ್ಬ ಅಂತ ನೆನಪಾಗೋ ಮೊದಲೇ ಆ ಮನೆಯಲ್ಲಿ ಅಕ್ಕಿ ನೆನೀತಾ ಇತ್ತು.

ಹೋಳಿಗೆಯದ್ದು ಇನ್ನೊಂದು ಕಥೆ. ಅದು ಬಿಸಿ ಇದ್ದಾಗಲೇ ಚೆಂದ. ಕಾವಲಿಯಿಂದ ಎಲೆಗೆ, ಮೇಲೆ ತುಪ್ಪ. ಬೀಗರಿಗೆ ‘ಇನ್ನೊಂದು ಹಾಕ್ಕೊಳ್ಳಿ, ಒಂದೇ ಒಂದು’ ಅಂತ ಉಪಚಾರ ನಡೀತಿರುತ್ತೆ. ಹಾಗಾದ್ರೆ ಅಷ್ಟೂ ಹೊತ್ತು ಕಾವಲಿ ಮುಂದೆ ನಿಂತವರು ಯಾರು? ಅವರ ಊಟ ಎಷ್ಟು ಗಂಟೆಗೆ? ಮೂರೂವರೆಗೆ. ಅಷ್ಟೊತ್ತಿಗೆ ಉಳಿದಿರೋದು ಹರಿದು ಹೋದ ಹೋಳಿಗೆ, ಹೂರಣ ಹೊರಗೆ ಬಂದದ್ದು, ಸೀದದ್ದು. ಅಂದವಾಗಿ ಬಂದದ್ದೆಲ್ಲ ಅತಿಥಿಗೆ. ಇದು ಕಾನೂನಲ್ಲ, ಯಾವ ಶಾಸ್ತ್ರದಲ್ಲೂ ಬರೆದಿಲ್ಲ, ಆದರೂ ಮನೆಮನೆಯಲ್ಲಿ ಪಾಲನೆ ಆಗ್ತಿದೆ.

ಇನ್ನು ಆ ಮಗಳು. ಮದುವೆಯಾಗಿ ಮೊದಲ ಸಲ ಅತಿಥಿಯಾಗಿ ತವರಿಗೆ ಬಂದವಳು. ರೇಷ್ಮೆ ಸೀರೆಯಲ್ಲೇ ನೇರ ಅಡುಗೆಮನೆಗೆ ಹೋಗಿ ಅಮ್ಮನ ಪಕ್ಕ ನಿಲ್ತಾಳೆ. ಅಳಿಯ ಅಲ್ಲೇ ಸೋಫಾದಲ್ಲಿ. ಅವಳಿಗೆ ಹೋಗು ಅಂತ ಯಾರೂ ಹೇಳಿಲ್ಲ. ಇವನಿಗೂ ಕೂತಿರು ಅಂತ ಯಾರೂ ಹೇಳಿಲ್ಲ.

ಸರಿ, ನಾವು ಸುದ್ದಿಯವರು, ಅಂಕಿಅಂಶ ಇಲ್ಲದೆ ಮಾತಾಡಬಾರದು. ಕೇಂದ್ರ ಸರ್ಕಾರದ್ದೇ ಒಂದು ಸಮೀಕ್ಷೆ ಇದೆ, ಜನ ದಿನದ ಹೊತ್ತನ್ನ ಹೇಗೆ ಕಳೀತಾರೆ ಅಂತ ಲೆಕ್ಕ ಹಾಕೋದು. 2024ರ ಲೆಕ್ಕ: ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ದಿನಕ್ಕೆ ಕೊಡುವ ಹೊತ್ತು ಸರಾಸರಿ 289 ನಿಮಿಷ. ಗಂಡಸು 88 ನಿಮಿಷ. ಅಷ್ಟಾದ್ರೂ ಮಾಡ್ತೀವಲ್ಲ ಅಂತ ಸಮಾಧಾನ ಪಡಬೇಡಿ. ಇದು ‘ಮಾಡುವ’ ಗಂಡಸರ ಸರಾಸರಿ. ಮಾಡುವವರು ಎಷ್ಟು ಜನ? 2019ರ ಸಮೀಕ್ಷೆಯಲ್ಲಿ ನೂರಕ್ಕೆ 26. ಹೆಂಗಸರು ನೂರಕ್ಕೆ 81. ಇದು ಮಾಮೂಲಿ ದಿನಗಳ ಲೆಕ್ಕ, ಹಬ್ಬದ್ದಲ್ಲ.

‘ಗಂಡಸರಿಗೆ ಅಡುಗೆ ಒಗ್ಗಲ್ಲ ಸಾರ್’ ಅಂತಾರೆ. ಯಾರು ಹೇಳಿದ್ದು? ನಮ್ಮಲ್ಲಿ ರುಚಿಯಾದ ಅಡುಗೆಗೆ ಏನಂತ ಹೊಗಳ್ತೀವಿ? ನಳಪಾಕ, ಭೀಮಪಾಕ. ಇಬ್ಬರೂ ಗಂಡಸರು. ವಿರಾಟನ ಅರಮನೆಯಲ್ಲಿ ವಲಲ ಅಂತ ಹೆಸರಿಟ್ಟುಕೊಂಡು ಸೌಟು ಹಿಡಿದ ಭೀಮನ ಮೀಸೆಗೆ ಏನಾದ್ರೂ ಕಮ್ಮಿ ಆಯ್ತಾ? ಸಾವಿರ ಜನರ ಮದುವೆ ಊಟ ಎಬ್ಬಿಸೋದು ಅಡುಗೆ ಭಟ್ಟರು. ಊರೂರಿಗೆ ದೋಸೆ ತಿನ್ನಿಸಿದ್ದು ಉಡುಪಿ ಹೋಟೆಲುಗಳ ಗಂಡಸರು. ಕೈಗೆ ಒಗ್ಗದ ಕೆಲಸ ಆಗಿದ್ರೆ ಇವೆಲ್ಲ ಹೇಗೆ ಸಾಧ್ಯ? ವ್ಯತ್ಯಾಸ ಇಷ್ಟೇ. ಮದುವೆ ಮನೆ ಅಡುಗೆಗೆ ಕೂಲಿ ಇದೆ, ಮುಂಗಡ ಇದೆ, ಹೊರಡುವಾಗ ತಾಂಬೂಲ ಇದೆ.

ದೇಶದ ಲೆಕ್ಕದಲ್ಲೂ ಇದೇ ಕಥೆ. ಅಂಗಡಿಯ ಹೋಳಿಗೆ ಜಿಡಿಪಿಯಲ್ಲಿ ಬರುತ್ತೆ. ನಿಮ್ಮ ಮನೆ ಹೋಳಿಗೆಯ ಬೇಳೆ ಬರುತ್ತೆ, ಬೆಲ್ಲ ಬರುತ್ತೆ, ಗ್ಯಾಸ್ ಸಿಲಿಂಡರ್ ಬರುತ್ತೆ. ತಟ್ಟಿದ ಕೈ ಬರಲ್ಲ.

ಒಂದು ಜಾಗದಲ್ಲಿ ಮಾತ್ರ ಆ ಕೈಗೂ ಬೆಲೆ ಕಟ್ಟಿದ್ದಾರೆ. ಕೋರ್ಟಿನಲ್ಲಿ. ಜೆಮ್‌ಷೆಡ್‌ಪುರದ 1989ರ ಅಗ್ನಿ ದುರಂತದ ಕೇಸು ಸುಪ್ರೀಂ ಕೋರ್ಟ್ ಮುಂದೆ ಇತ್ತು. 2001ರ ತೀರ್ಪಿನಲ್ಲಿ ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಅಂತ ಅಂದಾಜು ಮಾಡಿದ್ರು. ಆಮೇಲೆ 2021ರ ಜನವರಿಯಲ್ಲಿ, ದೆಹಲಿಯ ರಸ್ತೆ ಅಪಘಾತದಲ್ಲಿ ಗಂಡ ಹೆಂಡತಿ ಇಬ್ಬರೂ ತೀರಿಹೋದ ಕೇಸು. ಅದರಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಗೃಹಿಣಿಯ ಕೆಲಸಕ್ಕೆ ಆದಾಯ ಲೆಕ್ಕ ಹಿಡಿಯಲೇಬೇಕು ಅಂತ ವಿವರವಾಗಿ ಬರೆದರು. ನಾನು ಈಗಷ್ಟೇ ಹೇಳಿದ 2019ರ ಸಮೀಕ್ಷೆಯನ್ನೇ ಅವರೂ ಎತ್ತಿ ತೋರಿಸಿದ್ದರು. ಒಳ್ಳೆಯ ತೀರ್ಪು, ಅನುಮಾನ ಇಲ್ಲ. ಆದರೆ ಯೋಚನೆ ಮಾಡಿ. ನಮ್ಮಲ್ಲಿ ಒಬ್ಬ ಹೆಂಗಸಿನ ಅಡುಗೆಗೆ ಬೆಲೆ ಸಿಗೋದು ಎರಡೇ ಸಂದರ್ಭದಲ್ಲಿ. ಬೇರೆಯವರ ಮನೇಲಿ ಮಾಡಿದ್ರೆ, ಇಲ್ಲಾ ಅವಳು ಸತ್ತು ಹೋದ್ರೆ.

‘ಅಮ್ಮಂಗೆ ಅದರಲ್ಲೇ ಖುಷಿ ಕಣ್ರೀ’ ಅಂತ ನೀವು ಹೇಳ್ತೀರಿ. ಗೊತ್ತು. ಇರುತ್ತೆ ಕೂಡ. ಹದವಾಗಿ ಬಂದ ಕಜ್ಜಾಯ ನೋಡಿ ಆಗೋ ಹೆಮ್ಮೆಯನ್ನ ಯಾರೂ ಕಿತ್ತುಕೊಳ್ಳೋದು ಬೇಡ. ಗಂಡುಮಕ್ಕಳನ್ನ ಅಡುಗೆಮನೆಗೇ ಬಿಟ್ಟುಕೊಳ್ಳದ ಅತ್ತೆಯಂದಿರೂ ಇದ್ದಾರೆ, ಅದೂ ಗೊತ್ತು. ಆದರೆ ಖುಷಿಯಾಗಿ ಮಾಡೋರು ಬಿಸಿಯಾಗಿ ತಿನ್ನಬಾರದು ಅಂತ ಏನಿದೆ?

ಹಬ್ಬದ ಅಡುಗೆಗೆ ಸಂಬಳ ಕೊಡಿ ಅಂತ ನಾನು ಹೇಳ್ತಿಲ್ಲ. ಈ ಬಲಿಪಾಡ್ಯಮಿಗೆ ಮೂರು ಕೆಲಸ ಆಗಲಿ. ಹೂರಣ ಹಿಂದಿನ ರಾತ್ರಿಯೇ ರುಬ್ಬಿ ಇಡಬಹುದು, ತರಕಾರಿನೂ ಹೆಚ್ಚಿ ಇಡಬಹುದು, ಅದು ಯಜಮಾನರ ಪಾಲು. ಅಷ್ಟು ಜನಕ್ಕೆ ಕೈಲಾಗಲ್ಲ ಅಂದ್ರೆ ಹೋಳಿಗೆ ಅಂಗಡಿಯಿಂದಲೇ ಬರಲಿ. ಬಂದವರು ಮೂಗು ಮುರಿದರೆ, ತರಿಸಿದ್ದು ನಾನೇ ಅಂತ ಯಜಮಾನರೇ ಎದ್ದು ನಿಂತು ಹೇಳಲಿ. ಮತ್ತೆ, ಮೊದಲ ಪಂಕ್ತಿಯಲ್ಲಿ ಅಡುಗೆ ಮಾಡಿದವರಿಗೂ ಒಂದೊಂದು ಎಲೆ ಹಾಕಿ. ಅವರು ಕೂತಾಗ ಬಡಿಸೋಕೆ ಅಳಿಯ ಇದ್ದಾನೆ.

ಅಳಿಯಂದಿರೇ, ನಿಮಗೆ ಇನ್ನೂ ಒಂದು ಕೆಲಸ ಇದೆ. ಕಜ್ಜಾಯವನ್ನ ಎಣ್ಣೆಯಿಂದ ತೆಗೆದ ತಕ್ಷಣ ಎರಡು ಜಾಲರಿ ಸೌಟಿನ ನಡುವೆ ಇಟ್ಟು ಬಲವಾಗಿ ಒತ್ತಬೇಕು, ಹೀರಿಕೊಂಡ ಎಣ್ಣೆ ಇಳಿಯೋ ತನಕ. ತೋಳಿನ ಕೆಲಸ ಅದು. ಜಿಮ್‌ಗೆ ಹೋಗ್ತೀರಲ್ಲ, ಅಲ್ಲಿ ಹೋಗಿ ನಿಂತುಕೊಳ್ಳಿ. ಬಾಣಲೆಯಿಂದ ಸ್ವಲ್ಪ ದೂರ, ಎಣ್ಣೆ ಸಿಡಿಯುತ್ತೆ.