ಹಬ್ಬದ ದಿನಸಿ ಕೊಡುವ ಮುಂಚೆ
(ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳು)



ಹಬ್ಬ ಹತ್ತಿರ ಬಂದರೆ ನಮ್ಮ ಸಂಘಗಳ ಲೆಕ್ಕದ ಪುಸ್ತಕ ನೋಡಿದರೇ ಗೊತ್ತಾಗುತ್ತದೆ: ಉಳಿತಾಯ ಇಳಿದಿರುತ್ತದೆ, ಸಾಲದ ಅರ್ಜಿ ಏರಿರುತ್ತದೆ. ಕ್ರಿಸ್‌ಮಸ್ ಇರಲಿ, ಯುಗಾದಿ ಇರಲಿ, ರಂಜಾನ್ ಇರಲಿ, ಮಕ್ಕಳಿಗೆ ಆ ಒಂದು ದಿನವಾದರೂ ಒಳ್ಳೆ ಊಟ ಹಾಕಬೇಕು ಅಂತ ತಾಯಂದಿರು ಒದ್ದಾಡ್ತಾರೆ. ಈ ಸಲ ಕಷ್ಟದಲ್ಲಿರುವ ಮನೆಗಳಿಗೆ ದಿನಸಿ ಕೊಡೋಣ ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ತುಂಬಾ ಸಂತೋಷ. ಆದರೆ ಇದೇ ಕೆಲಸವನ್ನು ಬಹಳ ವರ್ಷಗಳಿಂದ ಮಾಡುತ್ತಿರುವ ಅಮೆರಿಕಾದವರಿಂದ ಕೆಲವು ವಿಷಯ ತಿಳಿದುಕೊಳ್ಳುವುದು ಒಳ್ಳೆಯದು.

ಅಷ್ಟು ಶ್ರೀಮಂತ ದೇಶದಲ್ಲೂ ದಿನಸಿಗಾಗಿ ಸಾಲು ನಿಲ್ಲುವವರು ಇದ್ದಾರೆ. ಅವರಿಗಾಗಿ 'ಫುಡ್ ಪ್ಯಾಂಟ್ರಿ'ಗಳಿವೆ. ಪ್ಯಾಂಟ್ರಿ ಅಂದ್ರೆ ಉಗ್ರಾಣ. ಚರ್ಚಿನ ಹಿಂದಿನ ಕೋಣೆಯಲ್ಲೋ, ಶಾಲೆಯಲ್ಲೋ ಸಾಮಾನು ಇಟ್ಟುಕೊಂಡು ಉಚಿತವಾಗಿ ಕೊಡುತ್ತಾರೆ. ಇಂಥ ಎಷ್ಟೋ ಪ್ಯಾಂಟ್ರಿಗಳಿಗೆ ಸಾಮಾನು ಒದಗಿಸುವ ದೊಡ್ಡ ಗೋದಾಮು 'ಫುಡ್ ಬ್ಯಾಂಕ್'. ನಮ್ಮ ಸಂಘ ಮತ್ತು ಒಕ್ಕೂಟ ಇದ್ದ ಹಾಗೆ.

ಮೊದಲ ಫುಡ್ ಬ್ಯಾಂಕ್ ಶುರುವಾದದ್ದು 1967ರಲ್ಲಿ, ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ. ಜಾನ್ ವ್ಯಾನ್ ಹೆಂಗೆಲ್ ಎಂಬುವರು ಅಲ್ಲಿ ಬಡವರ ಊಟದ ಮನೆಯೊಂದರಲ್ಲಿ ಸ್ವಯಂಸೇವಕರಾಗಿದ್ದರು. ಅವರಿಗೆ ಒಬ್ಬ ತಾಯಿ ಸಿಕ್ಕಳು. ಅಂಗಡಿಯ ಹಿಂದಿನ ಕಸದ ತೊಟ್ಟಿಯಲ್ಲಿ ಮಕ್ಕಳಿಗಾಗಿ ಆಹಾರ ಹುಡುಕುತ್ತಿದ್ದವಳು. ದುಡ್ಡು ಇಟ್ಟು ತೆಗೆಯೋ ಬ್ಯಾಂಕಿನ ಹಾಗೆ ಆಹಾರಕ್ಕೂ ಒಂದು ಜಾಗ ಇರಬೇಕು ಅಂದಳಂತೆ. ಅಲ್ಲಿನ ಸೇಂಟ್ ಮೇರೀಸ್ ಧರ್ಮಕೇಂದ್ರದವರು ಒಂದು ಹಳೇ ಬೇಕರಿ ಕಟ್ಟಡ, 3,000 ಡಾಲರ್ ಕೊಟ್ಟರು. ಕೆಲಸ ಆರಂಭವಾಯಿತು. ನೋಡಿ, ಯೋಚನೆ ಬಂದದ್ದು ನಮ್ಮಂತೆ ಎಂ.ಎಸ್.ಡಬ್ಲ್ಯೂ. ಓದಿದವರಿಗಲ್ಲ, ಆ ತಾಯಿಗೆ!

ನವೆಂಬರ್ ನಾಲ್ಕನೇ ಗುರುವಾರ ಅವರಿಗೆ ಥ್ಯಾಂಕ್ಸ್‌ಗಿವಿಂಗ್, ಕೃತಜ್ಞತೆಯ ಹಬ್ಬ. ಟರ್ಕಿ ಎಂಬ ದೊಡ್ಡ ಕೋಳಿಯ ಊಟ ಆಗಲೇಬೇಕು. ಆಮೇಲೆ ಕ್ರಿಸ್‌ಮಸ್. ಈ ಎರಡು ತಿಂಗಳು ದಾನ ಹರಿದು ಬರುತ್ತದೆ. ಆದರೆ ಬಾಡಿಗೆ ಕಟ್ಟಲಾಗದೆ ಲಾಡ್ಜಿನ ಒಂದು ರೂಮಿನಲ್ಲಿ ಸಂಸಾರ ಮಾಡುವವರಿಗೆ ಗಟ್ಟಿ ಐಸಾದ ಇಡೀ ಟರ್ಕಿ ಕೊಟ್ಟರೆ ಅವರು ಎಲ್ಲಿ ಬೇಯಿಸಬೇಕು? ನಮ್ಮಲ್ಲೂ ಅಷ್ಟೇ. ಗ್ಯಾಸ್ ಮುಗಿದು ಹದಿನೈದು ದಿನ ಆದ ಮನೆಗೆ 10 ಕಿಲೋ ಅಕ್ಕಿ ಹೊತ್ತುಕೊಂಡು ಹೋಗ್ತೀವಿ. ಅಕ್ಕಿ ಅವರ ಮನೆಯಲ್ಲಿ ಇದ್ದೇ ಇದೆ. ಇಲ್ಲದಿರೋದು ಎಣ್ಣೆ, ಬೇಳೆ, ಸಕ್ಕರೆ. ಮೊದಲು ಹೋಗಿ ಕೇಳಬೇಕು.

ಅದಕ್ಕೇ ಅಲ್ಲಿ ಈಗ ಎಷ್ಟೋ ಪ್ಯಾಂಟ್ರಿಗಳು ಕಟ್ಟಿಟ್ಟ ಪೊಟ್ಟಣ ಕೊಡುವುದನ್ನು ಬಿಟ್ಟು, ಅಂಗಡಿಯ ಹಾಗೆ ಸಾಮಾನು ಜೋಡಿಸಿಡುತ್ತವೆ. ಬಂದವರು ಬುಟ್ಟಿ ಹಿಡಿದು ತಮಗೆ ಬೇಕಾದ್ದನ್ನು ಆರಿಸಿಕೊಳ್ತಾರೆ. ಸಕ್ಕರೆ ಕಾಯಿಲೆ ಇರುವವರು ಸಿಹಿ ಬಿಡ್ತಾರೆ, ಹಂದಿ ಮಾಂಸ ತಿನ್ನದವರು ಅದನ್ನು ಬಿಡ್ತಾರೆ. ಸಾಮಾನು ಹಾಳಾಗೋದು ಕಡಿಮೆ. ಅದಕ್ಕಿಂತ ಹೆಚ್ಚಾಗಿ, ಕೈಯೊಡ್ಡಿ ನಿಲ್ಲುವ ನಾಚಿಕೆ ಕಡಿಮೆ. ನಮ್ಮ ಕಡೆ ಕಿಟ್ ಕೊಡುವಾಗ ಬ್ಯಾನರ್ ಕಟ್ಟಿ ಫೋಟೋ ತೆಗೆಯೋದನ್ನು ಮಾತ್ರ ಯಾರೂ ಮರೆಯೋದಿಲ್ಲ. ದಯವಿಟ್ಟು ನಮ್ಮ ಸಂಘಗಳಲ್ಲಿ ಅದು ಬೇಡ. ನಾಳೆ ಆ ಮಗು ಅದೇ ಶಾಲೆಗೆ ಹೋಗಬೇಕಲ್ಲ?

ಇನ್ನೊಂದು ಮಾತು. ಅಮೆರಿಕಾ ಸರ್ಕಾರವೂ ಬಡವರಿಗೆ ಆಹಾರಕ್ಕಾಗಿ ತಿಂಗಳು ತಿಂಗಳು ಕಾರ್ಡಿಗೆ ಹಣ ಹಾಕುತ್ತದೆ. ಅದಕ್ಕೆ 'ಸ್ನ್ಯಾಪ್' ಅಂತ ಹೆಸರು. 2025ರಲ್ಲಿ ಸುಮಾರು 4 ಕೋಟಿ 20 ಲಕ್ಷ ಜನರಿಗೆ ಅದು ಆಧಾರವಾಗಿತ್ತು. ಅದೇ ವರ್ಷ ಸರ್ಕಾರಿ ಕೆಲಸಗಳು ನಿಂತುಹೋಗಿ, ಹಬ್ಬದ ತಿಂಗಳಾದ ನವೆಂಬರ್‌ನ ಹಣ ಹಲವರಿಗೆ ಸಮಯಕ್ಕೆ ಬರಲಿಲ್ಲ. ಪ್ಯಾಂಟ್ರಿಗಳ ಮುಂದೆ ಸಾಲು ಬೆಳೆಯಿತು. ತಾವು ಒಂದು ಊಟ ಕೊಡುವ ಕಡೆ ಸ್ನ್ಯಾಪ್ ಒಂಬತ್ತು ಊಟ ಕೊಡುತ್ತದೆ ಎಂದು ಫುಡ್ ಬ್ಯಾಂಕಿನವರೇ ಹೇಳ್ತಾರೆ. ನಮ್ಮ ಚೀಲವೂ ಪಡಿತರದ ಜಾಗ ತುಂಬಲಾರದು. ಆದ್ದರಿಂದ ದಿನಸಿ ಕೊಡಲು ಹೋದ ಮನೆಯಲ್ಲಿ ರೇಷನ್ ಕಾರ್ಡ್ ಕೇಳಿ ನೋಡಿ. ಹೊಸ ಸೊಸೆಯ ಹೆಸರು ಸೇರಿದೆಯಾ? ವಯಸ್ಸಾದವರ ಹೆಬ್ಬೆರಳು ಯಂತ್ರದಲ್ಲಿ ಹೊಂದುತ್ತಾ? ಬೇರೆ ಊರು, ಬೇರೆ ರಾಜ್ಯದಿಂದ ಕೂಲಿಗೆ ಬಂದವರೂ ತಮ್ಮ ಕಾರ್ಡಿನ ಮೇಲೆ ಇಲ್ಲಿ ಪಡಿತರ ಪಡೆಯಬಹುದು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ಹಬ್ಬ ಮುಗಿದ ಮೇಲೆ ಅಲ್ಲಿ ದಾನ ಇಳಿಯುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಶಾಲೆಯ ಊಟವೂ ತಪ್ಪುತ್ತದೆ. ನಮ್ಮಲ್ಲಿ ಬಿಸಿಯೂಟ ಇಲ್ಲದ ರಜೆ ಕಳೆದ ಕೂಡಲೇ ಶಾಲೆ ಖರ್ಚು, ಅದರ ಜೊತೆಗೇ ಮಳೆ, ಕೂಲಿ ಇಲ್ಲ. ಹಾಗಾಗಿ ಸಂಗ್ರಹವಾದ ಹಣವನ್ನೆಲ್ಲಾ ಡಿಸೆಂಬರ್‌ನಲ್ಲೇ ಖರ್ಚು ಮಾಡಬೇಡಿ. ಅರ್ಧ ಸಂಘದ ಖಾತೆಯಲ್ಲಿ ಇರಲಿ, ಜೂನ್‌ಗೆ ಬೇಕಾಗುತ್ತದೆ. ಮುಂದಿನ ವಾರದ ಸಭೆಗೆ ಬರುವಾಗ ನಿಮ್ಮ ಬೀದಿಯಲ್ಲಿ ಕಾರ್ಡ್ ಇಲ್ಲದ ಮನೆಗಳ ಪಟ್ಟಿ ತನ್ನಿ. ಹೆಸರುಗಳು ನಮ್ಮಲ್ಲೇ ಇರಲಿ, ನೋಟಿಸ್ ಬೋರ್ಡಿಗೆ ಹೋಗೋದು ಬೇಡ.