ಹೈದರಾಬಾದ್‌ನಲ್ಲಿ ಊಟ ಹುಡುಕೋಕೆ ಗಡಿಯಾರ ನೋಡಿ

ಹೈದರಾಬಾದ್‌ಗೆ ಬಂದ ನಮ್ಮವರು ಎಷ್ಟೋ ಜನ ಗಚ್ಚಿಬೌಲಿ, ಮಾಧಾಪುರ ದಾಟೋದೇ ಇಲ್ಲ. ಆಪ್ ತೆಗೀತೀವಿ, ಸ್ಟಾರ್ ನೋಡ್ತೀವಿ, ಬಿರಿಯಾನಿ ಆರ್ಡರ್ ಮಾಡ್ತೀವಿ. ಪ್ರಾಜೆಕ್ಟ್ ಮುಗಿಯುತ್ತೆ, ಊರಿನ ರುಚಿ ಗೊತ್ತಾಗದೇ ವಾಪಸ್ ಹೋಗ್ತೀವಿ. ನಾನು ಹೇಳೋದು ಇಷ್ಟೇ: ಇಲ್ಲಿ ‘ಎಲ್ಲಿ ಚೆನ್ನಾಗಿದೆ’ ಅನ್ನೋದಕ್ಕಿಂತ ಮೊದಲು ‘ಯಾವಾಗ ಸಿಗುತ್ತೆ’ ಅಂತ ಕೇಳಿ.

ನಹಾರಿ-ಕುಲ್ಚಾ ಬೆಳಗಿನ ತಿಂಡಿ. ಸಣ್ಣ ಉರಿಯಲ್ಲಿ ರಾತ್ರಿಯಿಡೀ ಬೆಂದ ಮಾಂಸದ ಸಾರು ಅದು. ತಡವಾಗಿ ಎದ್ದರೆ ಪಾತ್ರೆ ಖಾಲಿ. ಹಲೀಮ್ ರುಚಿ ನೋಡಬೇಕಾದದ್ದು ರಂಜಾನ್ ತಿಂಗಳ ಸಂಜೆ. ಗೋಧಿ, ಬೇಳೆ, ಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ, ಕುಟ್ಟಿ ಮಾಡ್ತಾರೆ. 2010ರಲ್ಲಿ ಇದಕ್ಕೆ ಜಿಐ ಟ್ಯಾಗ್ ಸಿಕ್ಕಿದೆ. ಡೆಲಿವರಿ ಡಬ್ಬಿಯಲ್ಲಿ ಆರಿದರೆ ಗಟ್ಟಿಯಾಗಿಬಿಡುತ್ತೆ. ಅಲ್ಲೇ ನಿಂತು ಬಿಸಿಬಿಸಿ ತಿನ್ನಿ.

ಸಸ್ಯಾಹಾರಿಗಳೇ, ವಿಡಿಯೊ ನಿಲ್ಲಿಸಬೇಡಿ! ಬೆಳಿಗ್ಗೆ ಚಾರ್ಮಿನಾರ್ ಪಕ್ಕದ ನಿಮ್ರಾದಲ್ಲಿ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು. ಸಂಜೆ ಕೋಠಿಯ ಗೋಕುಲ್ ಚಾಟ್. ರಾತ್ರಿ ಶಿಫ್ಟ್ ಇದ್ಯಾ? ಮೊಜಂಜಾಹಿ ಮಾರ್ಕೆಟ್ ಹತ್ತಿರ ರಾಮ್ ಕಿ ಬಂಡಿಯ ದೋಸೆ.

ಹೋಗೋದೂ ಕಷ್ಟವಿಲ್ಲ. ರಾಯದುರ್ಗದಲ್ಲಿ ಮೆಟ್ರೊ ಹತ್ತಿ, ಅಮೀರ್‌ಪೇಟೆಯಲ್ಲಿ ಬದಲಿಸಿ, ಎಂಜಿಬಿಎಸ್‌ನಲ್ಲಿ ಇಳಿದು ಆಟೊ ಹಿಡಿದರೆ ಚಾರ್ಮಿನಾರ್.

ಇನ್ನೊಂದು ಮಾತು. ಕಲಬುರಗಿ, ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಕಲಬುರಗಿ ತಹರಿ ತಿಂದು ಬೆಳೆದವರಿಗೆ ಈ ಅಡುಗೆಮನೆ ಹೊಸದಲ್ಲ. ನಿಮ್ಮ ಟೀಮಲ್ಲಿ ಆ ಕಡೆಯವರಿದ್ದರೆ, ಈ ಶನಿವಾರ ಅವರನ್ನ ಕರ್ಕೊಂಡು ಹೊರಡಿ. ಆಪ್‌ಗಿಂತ ಅವರ ನಾಲಿಗೆಗೆ ಹೆಚ್ಚು ಗೊತ್ತಿರುತ್ತೆ.